ಕಣ್ಣಿದ್ದವರಿಗೆ ನಕ್ಷತ್ರ

ಥಾರ್ನ್‌ಲೀ
1471ರ ಏಪ್ರಿಲ್ 2, ಮಂಗಳವಾರ

ಸಬೀನಾ,

ನಿನ್ನ ಕೈಗೆ ಏನು ಬಂದಿದೆ? ಲಕ್ವ ಹೊಡೆದಿದೆಯೇ, ಇಲ್ಲಾ ಬಾರ್ನೆಟ್ಟಿನ ಬಾತುಕೋಳಿಗಳೆಲ್ಲ ಬರೆಯುವ ಗರಿಯಿಲ್ಲದೆ ಹುಟ್ಟುತ್ತಿವೆಯೇ? ಕ್ರಿಸ್‌ಮಸ್ ಕಳೆದ ಮೇಲೆ ಎರಡು ಕಾಗದ ಬರೆದೆ. ಎರಡಕ್ಕೂ ಉತ್ತರವಿಲ್ಲ. ಉಣ್ಣೆ ಹೇರುವ ಡೇವಿಯನ್ನು ಕೇಳಿದರೆ, "ಕೊಟ್ಟೆ ಕಣಜ್ಜಿ, ನಿನ್ ಮೊಮ್ಮಗ್ಳು ಓದ್ಕೊಂಡು ನಕ್ಳು" ಅನ್ನುತ್ತಾನೆ. ನಗುವುದಕ್ಕೆ ನಾನೇನು ಕೋಡಂಗಿಯೇ? ಪಾದ್ರಿ ಬೆನೆಟ್ಟರನ್ನು ಕಾಡಿ ಬೇಡಿ ಕಲಿತ ನಾಲ್ಕು ಅಕ್ಷರವನ್ನು ತಾಯಿ ತಂದೆಯಿಲ್ಲದ ನಿನಗೂ ನಿನ್ನ ತಮ್ಮನಿಗೂ ಒಲೆಯ ಬೂದಿಯಲ್ಲಿ ತೀಡಿಸಿ ಕಲಿಸಿದೆ. ನೀನು ಹೆಂಡದಂಗಡಿಯವನನ್ನು ಕಟ್ಟಿಕೊಂಡು ಅವನ ಪೀಪಾಯಿಗಳ ಮೇಲೆ ಗೀಚುತ್ತಾ ಕೂರಲಿ ಎಂದು ಕಲಿಸಿದ್ದಲ್ಲ.

ವಿಷಯಕ್ಕೆ ಬರುತ್ತೇನೆ. ನಿನ್ನ ತಮ್ಮ ಹ್ಯಾಮನ್ ಯುದ್ಧಕ್ಕೆ ಹೋದ.

ಒಂದು ಕುರ್ಚಿ, ಇಬ್ಬರು ರಾಜರು. ಹೆನ್ರಿ ಲಂಡನ್ನಿನಲ್ಲಿ ಕೂತಿದ್ದಾನೆ. ಎಡ್ವರ್ಡ್ ಸಮುದ್ರ ದಾಟಿ ಬಂದು, 'ಏಳು ಮೇಲೆ' ಅನ್ನುತ್ತಿದ್ದಾನೆ. ನಮ್ಮ ಸೀಮೆಯ ಒಡೆಯ ಹೆನ್ರಿಯ ಕಡೆ, ಆದ್ದರಿಂದ ನಾವೂ ಹೆನ್ರಿಯ ಕಡೆ. ಯಾವ ಹುಲ್ಲುಗಾವಲು ಬೇಕೆಂದು ಕುರಿಯನ್ನು ಕೇಳುವವರು ಯಾರು? ಒಡೆಯನ ಕಾರಭಾರಿ ಬಂದು ನಲವತ್ತು ಕಂದು ಅಂಗಿಗಳನ್ನು ನನ್ನ ಹಾಸಿಗೆಯ ಮೇಲೆ ಸುರಿದು, "ಎಮ್ಮಟ್ಟಜ್ಜಿ, ಎದೆ ಮೇಲೆ ಒಂದೊಂದು ಬಿಳಿ ನಕ್ಷತ್ರ. ಶುಕ್ರವಾರದೊಳಗೆ ಆಗ್ಬೇಕು" ಅಂದ. ಎಡ್ವರ್ಡನ ಕಡೆಯವರ ಎದೆಯ ಮೇಲೆ ಹೊನ್ನಿನ ಸೂರ್ಯ ಇರುತ್ತದಂತೆ. ನಮ್ಮವರಿಗೆ ನಕ್ಷತ್ರ, ಅದರಿಂದ ಹೊರಡುವ ಕಿರಣ. ಅವನು ಕೊಟ್ಟ ಮಾದರಿಯಲ್ಲಿ ಕಿರಣಗಳು ಹಂದಿಮರಿಯ ಬಾಲದಷ್ಟಿದ್ದವು. ನಾನು ಅದರ ಎರಡರಷ್ಟು ಉದ್ದ ಕತ್ತರಿಸಿದೆ. ಕೊಟ್ಟ ಬಟ್ಟೆ ಸಾಲದೆ ಬಂತು, ಹೇಗೋ ಮುಗಿಸಿದೆ. ಊರಿನವರೆಲ್ಲ ನೋಡಿ ಬಾಯಿ ಬಿಟ್ಟರು.

ಒಬ್ಬ ಮಾತ್ರ ಮೂತಿ ಸೊಟ್ಟಗೆ ಮಾಡಿದ. ಯಾರೆಂದು ಬೇರೆ ಹೇಳಬೇಕೇ? ಅಂಗಿ ತೊಟ್ಟುಕೊಂಡು ನಿನ್ನ ತಮ್ಮ, "ಅಜ್ಜಿ, ಇದು ನಕ್ಷತ್ರನಾ ಸೂರ್ಯನಾ?" ಅಂದ. ಇಪ್ಪತ್ಮೂರು ವರ್ಷದವನು, ನೇಯ್ದ ಬಟ್ಟೆ ತುಳಿದು ಹದ ಮಾಡುವ ತೊಟ್ಟಿಯಲ್ಲಿ ದಿನವಿಡೀ ನಿಂತು ನಿಂತು ಬುದ್ಧಿಯೆಲ್ಲ ಕಾಲಿಗೆ ಇಳಿದುಹೋಗಿದೆ. "ಕಣ್ಣಿದ್ದೋರಿಗೆ ನಕ್ಷತ್ರ, ಇಲ್ಲದೋರಿಗೆ ಸೂರ್ಯ. ನಡಿ" ಎಂದು ತಲೆಯ ಮೇಲೆ ಒಂದು ಕೊಟ್ಟು ಕಳಿಸಿದೆ. ಈಸ್ಟರ್‌ಗೆ ಮುಂಚೆ ಮಾಂಸ ಮುಟ್ಟದ ಉಪವಾಸದ ದಿನಗಳಾದ್ದರಿಂದ ಬುತ್ತಿಗೆ ಉಪ್ಪುಮೀನು ಬಿಟ್ಟು ಬೇರೇನೂ ಕಟ್ಟಿಕೊಡಲು ಆಗಲಿಲ್ಲ. ತಿರುಗಿ ನೋಡಲಿಲ್ಲ. ನಾನೂ ಕರೆಯಲಿಲ್ಲ.

ಪಡೆ ನಿಮ್ಮ ರಸ್ತೆಯಲ್ಲೇ ಬರಬಹುದಂತೆ. ಬಂದರೆ ಊಟ ಹಾಕು, ಹೆಂಡ ಹಾಕಬೇಡ. ಈ ಸಲವಾದರೂ ಉತ್ತರ ಬರೆ.

ನಿನ್ನ ಅಜ್ಜಿ
ಎಮ್ಮಟ್


ಬಾರ್ನೆಟ್
ಏಪ್ರಿಲ್ 17, ಬುಧವಾರ

ಅಜ್ಜಿಗೆ ಸಬೀನಾಳ ನಮಸ್ಕಾರ.

ಇದೇ ನಿನಗೆ ಉತ್ತರ. ಡೇವಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಚಿಕ್ಕದಾಗಿ ಬರೆಯುತ್ತೇನೆ.

ಈಸ್ಟರ್ ಭಾನುವಾರ ಬೆಳಗ್ಗೆ ನಮ್ಮ ಊರಿನ ಆಚೆಯ ಬಯಲಿನಲ್ಲಿ ಇಬ್ಬರೂ ರಾಜರ ಪಡೆಗಳು ಹೊಡೆದಾಡಿದವು. ಅಂಥ ಮಂಜನ್ನು ನಾನು ಕಂಡಿಲ್ಲ. ಅಂಗಳದ ಬಾವಿ ಕಾಣುತ್ತಿರಲಿಲ್ಲ, ಬರೀ ಸದ್ದು. ಮೊದಲು ಗೆದ್ದವರು ನಮ್ಮ ಒಡೆಯನ ನಕ್ಷತ್ರದವರೇ. ಎದುರಾಳಿಗಳನ್ನು ಅಟ್ಟಿಕೊಂಡು ಊರೊಳಗೇ ಬಂದರು. ಬಂದವರು ಸುಮ್ಮನಿರಲಿಲ್ಲ, ಅಂಗಡಿ ಮನೆ ಎಲ್ಲ ದೋಚಿದರು. ನಮ್ಮ ಆರು ಪೀಪಾಯಿ ಬರಿದಾದವು. ಆಮೇಲೆ ಅವರನ್ನು ಮತ್ತೆ ಕಾಳಗಕ್ಕೆ ಒಟ್ಟುಮಾಡಿ ಕರೆದುಕೊಂಡು ಹೋದರು. ಮಧ್ಯಾಹ್ನದೊಳಗೆ ಎಲ್ಲ ಮುಗಿದು ಎಡ್ವರ್ಡ್ ಗೆದ್ದನೆಂದು ಗಂಟೆ ಬಾರಿಸಿದರು. ಈಗ ಊರ ತುಂಬ ಸೂರ್ಯನವರೇ.

ಹ್ಯಾಮನ್ ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ಮನೆಯವರು ಪಿಯರ್ಸ್ ಚೆನ್ನಾಗಿದ್ದಾರೆ. ಅಜ್ಜಿ, ಒಂದು ಕೇಳಬೇಕಿತ್ತು. ನಮ್ಮ ಹಂದಿಗೆ ಎಡಭುಜದಲ್ಲಿ ಬೇಲಿಯ ಗೂಟ ಚುಚ್ಚಿ ಒಂದು ಬೆರಳಿನಷ್ಟು ಆಳ ಗಾಯವಾಗಿದೆ. ಕೀವು ಕಟ್ಟಿ ಮೈಯೆಲ್ಲ ಸುಡುತ್ತಿದೆ. ಏನು ಹಚ್ಚಬೇಕು? ಬೇಗ ತಿಳಿಸು. ಬೇಗ.

ಸಬೀನಾ


ಥಾರ್ನ್‌ಲೀ
ಏಪ್ರಿಲ್ 26, ಶುಕ್ರವಾರ

ಸಬೀನಾ,

ತಮ್ಮನ ವಿಷಯಕ್ಕೆ ಒಂದು ಸಾಲು, ಹಂದಿಗೆ ನಾಲ್ಕು ಸಾಲು. ಇದೇ ನೋಡು ನೀನು. ಕಣ್ಣಿಗೆ ಬೀಳಲಿಲ್ಲವಂತೆ. ಹುಡುಕಿದೆಯಾ? ಬಯಲಿಗೆ ಹೋಗಿ ಹೆಣಗಳ ಮುಖವನ್ನಾದರೂ ನೋಡಿದೆಯಾ?

ಅಷ್ಟು ಕಷ್ಟ ನಿನಗೆ ಬೇಡ. ಅವನು ಸತ್ತಿಲ್ಲ. ಸತ್ತಿದ್ದರೆ ಚೆನ್ನಾಗಿತ್ತು.

ಗಿರಣಿಯ ಜಾಂಕಿನ್ ಮೊನ್ನೆ ಊರಿಗೆ ಬಂದ. ನಮ್ಮೂರಿಂದ ಹೋದವರಲ್ಲಿ ತಿರುಗಿ ಬಂದವನು ಇದುವರೆಗೆ ಅವನೊಬ್ಬನೇ. ಬಾವಿಕಟ್ಟೆಯ ಮೇಲೆ ಕೂತು ನೀರಿಗೆ ಬಂದ ಹೆಂಗಸರಿಗೆಲ್ಲ ಕತೆ ಹೇಳಿದ. ಬಾರ್ನೆಟ್ಟಿನಿಂದ ತಿರುಗಿ ಬಯಲಿಗೆ ಹೋಗುವಾಗ ಮಂಜಿನೊಳಗಿಂದ ನಮ್ಮದೇ ಕಡೆಯವರ ಬಾಣ ಬಂದವಂತೆ. ಯಾಕೆ ಬಂದವು ಅನ್ನುವುದಕ್ಕೂ ಏನೋ ಹೇಳಿದ, ನಾನು ಕೊಡ ಎತ್ತಿಕೊಂಡೆ, ಪೂರ್ತಿ ಕೇಳಲಿಲ್ಲ. ಆಗ ಒಬ್ಬ "ಮೋಸ, ಮೋಸ" ಎಂದು ಕಿರುಚಿದನಂತೆ. ಅವನು ಕಿರುಚಿದ್ದೇ ತಡ ನಕ್ಷತ್ರದವರೆಲ್ಲ ಬಿಲ್ಲು ಬಿಸಾಡಿ ಓಡಿದರು, ಅಲ್ಲಿಗೆ ಹೆನ್ರಿಯ ರಾಜ್ಯ ಮುಗಿಯಿತು. "ಯಾರ್ ಕಿರುಚಿದ್ದು?" ಎಂದು ಜಾಂಕಿನ್ನನ ತಾಯಿ ಕೇಳಿದಳು, ಉತ್ತರ ಮೊದಲೇ ಗೊತ್ತಿದ್ದವಳ ಹಾಗೆ. ಅವನು ನನ್ನ ಕಡೆ ನೋಡಿ, "ದನಿ ನಮ್ ಹ್ಯಾಮನ್ನಂದೇ" ಅಂದ.

ಆ ತಾಯಿ ಏನಂದಳು ಗೊತ್ತಾ? "ಬಾಯಿ ಅಜ್ಜೀದು, ಕಾಲು ಯಾರ್ದೋ" ಅಂದಳು. ಹೆಂಗಸರೆಲ್ಲ ನಕ್ಕರು. ಅರವತ್ತೆಂಟು ವರ್ಷದಲ್ಲಿ ಮೊದಲ ಸಲ ಬಾವಿಕಟ್ಟೆಯಿಂದ ಉತ್ತರ ಕೊಡದೆ ಬಂದೆ ಕಣೇ. ಕೊಡದಲ್ಲಿ ಅರ್ಧ ನೀರೂ ಇರಲಿಲ್ಲ.

ಈಗ ಕೇಳು. ಅವನು ನಿನ್ನ ಮನೆ ಬಾಗಿಲಿಗೆ ಬಂದರೆ ಹೀಗೆಂದು ಹೇಳು. ನಲವತ್ತು ಅಂಗಿ ಹೊಲಿದವಳ ಮೊಮ್ಮಗ ಮೊದಲು ಓಡಿದನಾದರೆ ಅವನು ನನ್ನ ಹೊಸ್ತಿಲು ತುಳಿಯುವುದು ಬೇಡ. ನನಗೆ ಮೊಮ್ಮಗನಿಲ್ಲ, ಮೊಮ್ಮಗಳು ಒಬ್ಬಳೇ, ಅವಳಿಗೂ ಬರೆಯಲು ಬರುವುದಿಲ್ಲ ಎಂದು ಊರಿಗೆಲ್ಲ ಹೇಳುತ್ತೇನೆ.

ಇನ್ನು ನಿನ್ನ ಹಂದಿ. ಬೇಲಿ ಬದಿಯ ಕಹಿಸೊಪ್ಪು ಅರೆದು ಜೇನುತುಪ್ಪದಲ್ಲಿ ಕಲಸಿ ಗಾಯದೊಳಗೆ ತುಂಬು. ಮೂರು ದಿನದಲ್ಲಿ ಬಿಸಿ ಇಳಿಯದಿದ್ದರೆ ಸುಮ್ಮನೆ ಯಾಕೆ ಮೇವು ದಂಡ, ಕೊಯ್ದು ಉಪ್ಪು ಹಾಕು.

ಎಮ್ಮಟ್


ಥಾರ್ನ್‌ಲೀ
ಮೇ 7, ಮಂಗಳವಾರ

ಸಬೀನಾ,

ಇನ್ನೂ ಉತ್ತರವಿಲ್ಲ. ನಾಳೆ ಡೇವಿ ಬರುತ್ತಾನೋ ಇಲ್ಲವೋ ಗೊತ್ತಿಲ್ಲ, ಆದರೂ ಬರೆದಿಟ್ಟಿದ್ದೇನೆ.

ಹಂದಿ ಬದುಕಿತಾ?

ಎಮ್ಮಟ್


ಬಾರ್ನೆಟ್
ಮೇ 9, ಗುರುವಾರ

ಅಜ್ಜಿ,

ನಮಸ್ಕಾರ ಬರೆಯಲು ಕೈ ಬರುತ್ತಿಲ್ಲ, ಬರೆಯುವುದಿಲ್ಲ.

ನಮ್ಮ ಮನೆಯಲ್ಲಿ ಹಂದಿಯೇ ಇಲ್ಲ. ಹೋದ ಚಳಿಗಾಲದಲ್ಲೇ ಕೊಯ್ದಾಗಿತ್ತು. ಭುಜಕ್ಕೆ ಗಾಯವಾಗಿದ್ದದ್ದು ಹ್ಯಾಮನ್‌ಗೆ. ಈಸ್ಟರ್ ದಿನದಿಂದ ಮೂರು ವಾರ ಅವನು ನಮ್ಮ ಬಾರ್ಲಿ ಒಣಗಿಸುವ ಅಟ್ಟದಲ್ಲಿ ಮಲಗಿದ್ದ. ಗೆದ್ದ ಪಡೆಯವರು ಮನೆಮನೆ ಹುಡುಕುತ್ತಿದ್ದರು, ಡೇವಿಯ ಚೀಲವನ್ನೂ ಜಾಲಾಡುತ್ತಿದ್ದರು. ನಕ್ಷತ್ರದವನು ನನ್ನ ಮನೆಯಲ್ಲಿದ್ದಾನೆ ಎಂದು ಕಾಗದದಲ್ಲಿ ಬರೆಯಬೇಕಿತ್ತೇ? ನೀನು ಬುದ್ಧಿವಂತೆ, ಹಂದಿ ಅಂದರೆ ಅರ್ಥ ಮಾಡಿಕೊಳ್ಳುತ್ತೀಯ ಎಂದುಕೊಂಡೆ. ಊರಿನ ಬಾವಿಕಟ್ಟೆಯ ಮಾತೆಲ್ಲ ಅರ್ಥವಾಗುವ ನಿನಗೆ ಇದು ಆಗಲಿಲ್ಲ.

ಕಹಿಸೊಪ್ಪು ಮತ್ತು ಜೇನು ನಿನಗಿಂತ ಮುಂಚೆ ಪಿಯರ್ಸ್ ಅವರ ತಾಯಿಯೇ ಹಚ್ಚಿದ್ದರು. ಹಾಗಾಗಿ ಬದುಕಿದ.

ನಿನ್ನ ಕಾಗದ ಬಂದಾಗ ನಾನು ಹಿತ್ತಲಲ್ಲಿ ಬಾರ್ಲಿ ಕುದಿಸುತ್ತಿದ್ದೆ. ಡೇವಿಯ ಕೈಯಿಂದ ಪಿಯರ್ಸ್ ತೆಗೆದುಕೊಂಡು, ಅವರಿಗೆ ಓದಲು ಬಾರದು ನೋಡು, ಅಜ್ಜಿಯ ಕಾಗದ ಕಂಡರೆ ಮಲಗಿದವನಿಗೆ ಖುಷಿಯಾದೀತು ಎಂದು ಅಟ್ಟಕ್ಕೆ ಕೊಟ್ಟರು. ನಾನು ಹತ್ತಿ ಹೋಗುವ ಹೊತ್ತಿಗೆ ನಗುತ್ತಿದ್ದ. ಕೊನೆಯಿಂದ ಓದುವ ಚಾಳಿ ಅವನಿಗೆ ಚಿಕ್ಕಂದಿನಿಂದ ಇದೆಯಲ್ಲ. "ಅಕ್ಕ, ಅಜ್ಜಿ ನನ್ನನ್ನ ಕೊಯ್ದು ಉಪ್ಪು ಹಾಕು ಅಂದವ್ಳೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಮೇಲಿನ ಸಾಲುಗಳಿಗೆ ಹೋದ. ನಾನು ಕಿತ್ತುಕೊಳ್ಳುವಷ್ಟರಲ್ಲಿ ಓದಿ ಮುಗಿಸಿದ್ದ. ಮಡಿಸಿ ಕೊಟ್ಟ. ಅವತ್ತು ಗಂಜಿ ಕುಡಿಯಲಿಲ್ಲ.

ಭಾನುವಾರ ನಾವು ಚರ್ಚಿಗೆ ಹೋಗಿ ಬರುವಷ್ಟರಲ್ಲಿ ಅಟ್ಟ ಖಾಲಿ. ಈಗ ಎಲ್ಲಿದ್ದಾನೆಂದು ನನಗೆ ಗೊತ್ತು, ಹೇಳಿ ಕಳಿಸಿದ್ದಾನೆ. ಅಜ್ಜಿಗೆ ಹೇಳಬೇಡ ಅಂದಿದ್ದಾನೆ, ಹೇಳುವುದಿಲ್ಲ. ಅಲ್ಲಿಂದಲೂ ಹಡಗು ಹತ್ತುವ ಮಾತಾಡುತ್ತಿದ್ದಾನೆ. ಪಶ್ಚಿಮದಲ್ಲಿ ಇನ್ನೊಂದು ಕಾಳಗವಾಗಿ ಅದನ್ನೂ ಎಡ್ವರ್ಡನೇ ಗೆದ್ದನಂತೆ. ಇನ್ನು ಬಡವರ ಮಕ್ಕಳನ್ನು ಹುಡುಕುವವರು ಯಾರೂ ಇಲ್ಲ, ಊರಿಗೆ ಹೋಗಬಹುದು ಎಂದು ನಾನು ಹೇಳಿ ಕಳಿಸಿದೆ. "ಯಾವ ಊರು?" ಎಂದು ಕೇಳಿ ಕಳಿಸಿದ.

ಎಡಗೈ ಭುಜದ ಮಟ್ಟಕ್ಕೆ ಏಳುವುದಿಲ್ಲ. ಇನ್ನು ಬಿಲ್ಲು ಹಿಡಿಯುವಂತಿಲ್ಲ. ಬಲಗೈ ನೆಟ್ಟಗಿದೆ.

ಬೈದವಳು ನೀನೊಬ್ಬಳೇ ಅಲ್ಲ ಅಜ್ಜಿ. ಅದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನನಗೆ ನಿದ್ದೆ ಬಾರದು. ಆ ಬೆಳಗ್ಗೆ ದೋಚಲು ಬಂದವರ ಜೊತೆ ಅವನೂ ಬಂದಿದ್ದ. ದೋಚಲಿಲ್ಲ, ಒಂದು ಮೂಲೆಯಲ್ಲಿ ಕೂತು, "ಅಕ್ಕ, ನಾನು ಇಲ್ಲೇ ಇದ್ಬಿಡ್ಲಾ?" ಅಂದ. ನನ್ನ ಪೀಪಾಯಿಗಳು ಹೋಗುತ್ತಿದ್ದ ಸಿಟ್ಟು. ನಿನ್ನ ಬಾಯಿಯೇ ನನಗೂ ಬಂದಿದೆ. "ಅಜ್ಜಿ ಕಳ್ಸಿದ್ದು ಇಲ್ಲಿ ಬಂದು ಕೂರಕ್ಕಾ? ಎದ್ ನಡಿ, ನಿನ್ನೋರು ಹೊರಟ್ರು" ಎಂದೆ. ಎದ್ದು ಹೋದ. ಮಂಜು ಅವನನ್ನು ಮೂರು ಹೆಜ್ಜೆಗೇ ನುಂಗಿತು.

ಮೂರು ಗಂಟೆ ಹೊತ್ತು ಕಳೆದ ಮೇಲೆ ಬೇಲಿ ಹಿಡಿದುಕೊಂಡು ಬಂದು ಹಿತ್ತಲಲ್ಲಿ ಬಿದ್ದ. ಪ್ರಜ್ಞೆ ಬಂದ ಮೇಲೆ ಹೇಳಿದ್ದು ಇಷ್ಟು: "ನಾನು ಮುಂದಿದ್ದೆ ಕಣಕ್ಕ. ಮಂಜಲ್ಲಿ ನಮ್ಮೋರ ಸಾಲು ಕಾಣಿಸ್ತು. 'ನಾವ್ ನಿಮ್ಮೋರೇ' ಅಂತ ಕೂಗ್ದೆ. ಅವ್ರು 'ಸೂರ್ಯ ಬಂತು, ಹೊಡೀರಿ' ಅಂದ್ರು." ಮೋಸ ಎಂದು ಕಿರುಚಿದ್ದು ನೀನೇನಾ ಎಂದು ನಿನ್ನ ಕಾಗದ ಬಂದ ದಿನ ಕೇಳಿದೆ. "ಇರ್ಬೋದು. ನಮ್ಮೋರ ಬಾಣ ತಿಂದೋನು ಮತ್ತೇನ್ ಕೂಗ್ತಾನೆ, ಸ್ತೋತ್ರನಾ?" ಅಂದ.

ಅವನು ಬಿಟ್ಟು ಹೋದ ಅಂಗಿಯನ್ನು ಡೇವಿಯ ಕೈಲಿ ಕಳಿಸಿದ್ದೇನೆ. ತೊಳೆದಿಲ್ಲ. ಬಟ್ಟೆ ಓದುವುದು ನಿನಗೆ ಅಕ್ಷರಕ್ಕಿಂತ ಚೆನ್ನಾಗಿ ಬರುತ್ತದೆ. ತೂತು ಬೆನ್ನಲ್ಲಿದೆಯೋ ಎದೆಯಲ್ಲಿದೆಯೋ ನೀನೇ ನೋಡಿಕೋ. ಆಮೇಲೆ ಹೊಸ್ತಿಲ ಮಾತಾಡು.

ಸಬೀನಾ


ಥಾರ್ನ್‌ಲೀ
ಮೇ 20, ಸೋಮವಾರ

ಸಬೀನಾ,

ಈ ಕಾಗದವನ್ನು ನೀನು ಓದಿದ ಮೇಲೆ ಅವನಿಗೆ ಕಳಿಸು. ಮೇಲಿನಿಂದ ಓದಬೇಕು, ಕೊನೆಯಿಂದ ಅಲ್ಲ ಎಂದು ಹೇಳು. ಆ ಚಾಳಿಗೆ ಚಿಕ್ಕಂದಿನಲ್ಲೇ ನಾಲ್ಕು ಬಿಗಿದಿದ್ದರೆ ಇಷ್ಟಾಗುತ್ತಿರಲಿಲ್ಲ.

ಅಂಗಿ ಬಂತು. ಬೆನ್ನಲ್ಲಿ ತೂತಿಲ್ಲ. ಎದೆಯ ಕಡೆಯಿಂದ, ಎಡಭುಜದ ಹತ್ತಿರ, ನಾನು ಉದ್ದ ಕತ್ತರಿಸಿದ್ದ ಕಿರಣದ ತುದಿಯಲ್ಲಿ ಸರಿಯಾಗಿ ಇದೆ. ಮಾದರಿಯಂತೆ ಗಿಡ್ಡವಾಗಿ ಕತ್ತರಿಸಿದ್ದರೆ ಕಿರಣ ಅಲ್ಲಿವರೆಗೆ ಹೋಗುತ್ತಲೇ ಇರಲಿಲ್ಲ.

ಅಂಗಿ ಹಿಡಿದುಕೊಂಡು ಸೀದಾ ಬಾವಿಕಟ್ಟೆಗೆ ಹೋದೆ. ಜಾಂಕಿನ್‌ನೂ ಅವನ ತಾಯಿಯೂ ಇದ್ದರು. "ಬೆರಳು ಹಾಕೋ" ಅಂದೆ. "ಎಲ್ಲಿಗಜ್ಜಿ?" ಅಂದ. "ಈ ತೂತಿಗೆ. ಓಡೋನಿಗೆ ತೂತು ಯಾವ್ ಕಡೆ ಆಗ್ತದೆ, ನೀನ್ ಓಡಿ ಬಂದೋನು, ನಿಂಗ್ ಗೊತ್ತಿರ್ಬೇಕು" ಅಂದೆ. ಬೆರಳು ಹಾಕಿದ, ಮುಖ ಬೆಳ್ಳಗಾಯಿತು. "ದನಿ ಅವಂದೇ ಅಂದ್ನಲ್ಲಜ್ಜಿ, ಮೊದ್ಲು ಓಡ್ದ ಅಂತ ನಾನೆಲ್ಲಿ ಅಂದೆ?" ಎಂದು ಗೊಣಗಿದ. ಅದೂ ನಿಜ. ಅದನ್ನು ಅಂದದ್ದು ನಾನು, ನಿನಗೆ ಬರೆದ ಕಾಗದದಲ್ಲಿ.

ಅಷ್ಟಕ್ಕೇ ಗೆದ್ದು ಬರಬಹುದಿತ್ತು. ಬರಲಾಗಲಿಲ್ಲ. ಜಾಂಕಿನ್‌ನ ತಾಯಿಯ ಕಣ್ಣು ಬಲು ಚುರುಕು, ನನ್ನ ಹಾಗೆ. ಅಂಗಿಯನ್ನು ತಿರುಗಿಸಿ ನೋಡಿ, "ಅಲ್ವೇ ಎಮ್ಮಟ್ಟಕ್ಕ, ನನ್ ಮಗನ ನಕ್ಷತ್ರ ಬಿಳೀದು. ಇದ್ಯಾಕೆ ಅರಿಶಿನ ಬಳಿದಂಗಿದೆ?" ಅಂದಳು.

ಸಬೀನಾ, ಕಾರಭಾರಿ ಕೊಟ್ಟ ಬಿಳಿ ಬಟ್ಟೆ ಮೂವತ್ತೊಂಬತ್ತಕ್ಕೇ ಮುಗಿದಿತ್ತು. ಉದ್ದ ಕತ್ತರಿಸಿದರೆ ಮುಗಿಯದೆ ಇರುತ್ತದೆಯೇ? ಉಳಿದದ್ದು ಒಂದೇ ಅಂಗಿ. ಪರರ ಮಕ್ಕಳಿಗೆಲ್ಲ ಒಳ್ಳೆಯದು ಹೋಗಲಿ, ಮನೆಯವನಿಗೆ ಏನಿದ್ದರೂ ನಡೆಯುತ್ತದೆ ಎಂದು ಅದನ್ನೇ ಹ್ಯಾಮನ್‌ಗೆ ಇಟ್ಟೆ. ಮನೆಯಲ್ಲಿ ಬಿಳಿ ಬಟ್ಟೆ ಇರಲಿಲ್ಲವೇ? ಇತ್ತು. ನನ್ನ ಪೆಟ್ಟಿಗೆಯ ತಳದಲ್ಲಿ, ನನ್ನ ಹೆಣಕ್ಕೆ ಸುತ್ತಲೆಂದು ನಾನೇ ನೂತು ನೇಯಿಸಿ ಹದಿನಾಲ್ಕು ವರ್ಷದಿಂದ ಕಾಪಾಡಿದ ನಾರುಬಟ್ಟೆ. ಹಾಲಿನಂಥ ಬಿಳುಪು. ಪೆಟ್ಟಿಗೆ ತೆರೆದೆ, ಕತ್ತರಿಯನ್ನೂ ಹಿಡಿದೆ. ಮನಸ್ಸಾಗಲಿಲ್ಲ. ಪೆಟ್ಟಿಗೆ ಮುಚ್ಚಿ ಹಳೆಯ ಹಳದಿ ಹೊದಿಕೆಯ ಅಂಚು ಕತ್ತರಿಸಿದೆ. ಮಂಕು ಹಳದಿ, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಅವನಿಗೆ ಗೊತ್ತಾಯಿತು. ಸೂರ್ಯನಾ ಎಂದು ಕೇಳಿದ. ತಲೆಯ ಮೇಲೆ ಕೊಟ್ಟು ಕಳಿಸಿದೆ.

ಹೆಣಕ್ಕೆ ಬಿಳಿ ಉಳಿಸಿದೆ, ಬದುಕಿದವನ ಎದೆಗೆ ಹಳದಿ ಹಚ್ಚಿದೆ.

ಜಾಂಕಿನ್ ಬಾವಿಕಟ್ಟೆಯಲ್ಲಿ ಮೊದಲ ದಿನ ಹೇಳಿದ್ದನ್ನು ಪೂರ್ತಿ ಕೇಳಲಿಲ್ಲ ಎಂದು ನಿನಗೆ ಬರೆದೆನಲ್ಲ, ಸುಳ್ಳು. ಪೂರ್ತಿ ಕೇಳಿದ್ದೆ. ನಕ್ಷತ್ರವನ್ನು ಸೂರ್ಯ ಅಂದುಕೊಂಡು ಹೊಡೆದರು ಎಂದು ಅವನು ಅಂದಾಗಲೇ ನನ್ನ ಕೈಯ ಕೊಡ ಜಾರಿತ್ತು. ಅದಕ್ಕೇ ಅಷ್ಟು ಬೈದು ಬರೆದೆ. ನನ್ನನ್ನು ಬಯ್ಯಬೇಕಾದವರು ಯಾರೂ ಎದುರಿಗಿರಲಿಲ್ಲ. ಎಲ್ಲೋ ಇದ್ದ ಅವನಿಗೆ ಬೈದೆ. ಅವನ ಒಂದು ಅಂಗಿಯಿಂದ ಇಡೀ ಪಡೆ ಕೆಟ್ಟಿತೋ, ಬರೀ ಮಂಜೇ ಕೆಡಿಸಿತೋ, ಅದು ದೇವರ ಲೆಕ್ಕ. ರಾಜರ ಕುರ್ಚಿಯ ಚಿಂತೆ ನನಗಿಲ್ಲ, ಯಾರು ಕೂತರೂ ನನ್ನ ಮನೆಯಲ್ಲಿ ಕೂರುವುದಿಲ್ಲ. ಆ ಭುಜ ಮಾತ್ರ ನನ್ನ ಲೆಕ್ಕ.

ಇದನ್ನೆಲ್ಲ ಬಾವಿಕಟ್ಟೆಯಲ್ಲೇ ಹೇಳಿದೆ, ಹೆಂಗಸರ ಎದುರಿಗೆ. ಈ ಸಲ ಯಾರೂ ನಗಲಿಲ್ಲ. ನಗಲಿ ಎಂದು ಸ್ವಲ್ಪ ಹೊತ್ತು ಕಾದೆ. ಜಾಂಕಿನ್‌ನ ತಾಯಿ ನನ್ನ ಕೊಡ ತುಂಬಿಸಿ, ತಾನೇ ಹೊತ್ತು ಮನೆವರೆಗೆ ತಂದಿಟ್ಟಳು. ಅದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು.

ನಿನಗೂ ಒಂದು ಮಾತು. ನೀನು ಎದ್ದು ನಡಿ ಅಂದದ್ದಕ್ಕೆ ಅವನು ಹೋದ. ನಾನು ನಡಿ ಅಂದದ್ದಕ್ಕೂ ಹೋಗಿದ್ದ. ಈ ಮನೆಯ ಹೆಂಗಸರ ಮಾತು ಕೇಳುವ ಗಂಡಸು ಅವನೊಬ್ಬನೇ, ಅವನನ್ನೇ ಅಟ್ಟಿದೆವು. ಅದನ್ನು ನೀನೊಬ್ಬಳೇ ಹೊತ್ತುಕೊಂಡು ತಿರುಗಬೇಡ. ಬೈಗುಳ ನನ್ನದು, ನೀನು ಎರವಲು ತೆಗೆದುಕೊಂಡದ್ದು.

ಡೇವಿಯ ಕೈಲಿ ಒಂದು ಗಂಟು ಕಳಿಸಿದ್ದೇನೆ. ಅದರಲ್ಲಿ ಬಿಳಿ ಅಂಗಿ ಇದೆ. ಎಡಗೈ ಏಳುವುದಿಲ್ಲ ಅಂದೆಯಲ್ಲ, ತಲೆಯ ಮೇಲಿಂದ ತೊಡುವುದು ಕಷ್ಟ. ಎಡಬದಿಯನ್ನು ಕಂಕುಳಿಂದ ಕೆಳಗೆ ಪೂರ್ತಿ ತೆರೆದು ಕಟ್ಟುವ ದಾರ ಇಟ್ಟಿದ್ದೇನೆ, ಒಂದೇ ಕೈಲಿ ಕಟ್ಟಿಕೊಳ್ಳಬಹುದು. ಎದೆಯ ಮೇಲೆ ಏನೂ ಇಲ್ಲ, ನಕ್ಷತ್ರವೂ ಇಲ್ಲ ಸೂರ್ಯನೂ ಇಲ್ಲ. ಬಟ್ಟೆ ಯಾವುದೆಂದು ಅವನಿಗೆ ಮುಟ್ಟಿದರೆ ಗೊತ್ತಾಗುತ್ತದೆ, ಚಿಕ್ಕವನಿದ್ದಾಗ ಆ ಪೆಟ್ಟಿಗೆ ತೆರೆದು ನನ್ನ ಕೈಲಿ ಎಷ್ಟು ಸಲ ಪೆಟ್ಟು ತಿಂದಿಲ್ಲ. ಉಳಿದ ತುಂಡಿನಲ್ಲಿ ಗಾಯಕ್ಕೆ ಸುತ್ತಲು ಪಟ್ಟಿ ಹರಿದಿಟ್ಟಿದ್ದೇನೆ. ಪೆಟ್ಟಿಗೆಯಲ್ಲಿ ಈಗ ಇರುವುದು ಒಣಗಿದ ಲ್ಯಾವೆಂಡರ್ ಕಡ್ಡಿ ಮಾತ್ರ.

ಆದ್ದರಿಂದ ಅವನಿಗೆ ಹೀಗೆ ತಿಳಿಸು. ಹೂಳಲು ಬಟ್ಟೆಯಿಲ್ಲದ ಮುದುಕಿ ಸಾಯುವಂತಿಲ್ಲ. ಹೊಸದು ನೂಲಬೇಕು, ನೇಯಿಸಬೇಕು, ಅದನ್ನು ತೊಟ್ಟಿಯಲ್ಲಿ ತುಳಿದು ಹದ ಮಾಡುವವನು ಬೇಕು. ತುಳಿಯುವುದಕ್ಕೆ ಭುಜ ಬೇಕಾಗಿಲ್ಲ, ಕಾಲು ಸಾಕು. ಅವನ ಬುದ್ಧಿ ಹೇಗಿದ್ದರೂ ಅಲ್ಲೇ ಇದೆ. ಅವನು ಹಡಗು ಹತ್ತಿದರೆ ನಾನು ಇನ್ನೂ ಇಪ್ಪತ್ತು ವರ್ಷ ಬದುಕಿ ಪ್ರತಿ ತಿಂಗಳೂ ನಿನಗೆ ಕಾಗದ ಬರೆಯುತ್ತೇನೆ. ಯೋಚಿಸಿಕೊಳ್ಳಿ.

ತಪ್ಪಾಯಿತು ಎಂದು ಬರೆಯಬೇಕು. ಪಾದ್ರಿ ಬೆನೆಟ್ಟರು ನನಗೆ ಆ ಮಾತು ಬರೆಯಲು ಕಲಿಸಿರಲಿಲ್ಲ, ಇವತ್ತು ಬೆಳಗ್ಗೆ ಹೋಗಿ ಕಲಿತು ಬಂದೆ. ಮೇಲೆ ಬರೆದಿದ್ದೇನೆ, ಇನ್ನೊಂದು ಸಲ ಬರೆಯುವುದಿಲ್ಲ.

ಹೊಸ್ತಿಲು ಇದ್ದಲ್ಲೇ ಇದೆ, ಗುಡಿಸಿಟ್ಟಿದ್ದೇನೆ. ಡೇವಿ ಇಪ್ಪತ್ತೇಳಕ್ಕೆ ನಿಮ್ಮೂರು ಬಿಡುತ್ತಾನೆ. ಜೂನ್ ಹುಟ್ಟುವುದರೊಳಗೆ ಉತ್ತರ ನನ್ನ ಕೈಲಿರಬೇಕು. ನೀನು ಬರೆಯಬೇಡ, ಅವನೇ ಬರೆಯಲಿ. ಬಲಗೈ ನೆಟ್ಟಗಿದೆ ಎಂದು ನೀನೇ ಹೇಳಿದ್ದೀಯ.

ಎಮ್ಮಟ್